ಭೂತಪ್ಪನ ಒಣ ಟ್ಯಾಂಕು

ವ್ಯಾನಿನ ಪೆಟ್ರೋಲ್ ಟ್ಯಾಂಕಿನ ಒಳಗೆ ಕೂರುವ ಪಂಪಿಗೆ ಮೂರು ಸಾವಿರದ ಒಂಬೈನೂರು. ಅದರ ಫಿಲ್ಟರಿಗೆ ಮುನ್ನೂರೈವತ್ತು. ಟ್ಯಾಂಕ್ ಇಳಿಸಿ, ತೊಳೆದು, ಒಣಗಿಸಿ, ಮತ್ತೆ ಏರಿಸುವುದಕ್ಕೆ ಎಂಟುನೂರು. ಮುಚ್ಚಳಕ್ಕೆ ನೂರ ಎಂಬತ್ತು, ರಬ್ಬರ್ ವಾಷರಿಗೆ ಅರವತ್ತು. ಒಟ್ಟು ಐದು ಸಾವಿರದ ಇನ್ನೂರ ತೊಂಬತ್ತು ರೂಪಾಯಿ. ಇಷ್ಟೂ ಖರ್ಚಿಗೆ ಕಾರಣ ಭೂತಪ್ಪ ನಾಲ್ಕು ವರ್ಷದಿಂದ ಮಾಡಿಕೊಂಡು ಬಂದ ಉಳಿತಾಯ.

ಹೊಸನಗರದ ಅಂಚಿನ ಆ ಕೇರಿಯಲ್ಲಿ ಬಾಡಿಗೆ ವ್ಯಾನು ಇದ್ದದ್ದು ಭೂತಪ್ಪನೊಬ್ಬನಿಗೆ. ಬೇರೆ ಊರಿನವರು ಬಂದರೆ ಕಿಲೋಮೀಟರಿಗೆ ಇಷ್ಟು ಅಂತ ಬಾಯಿಬಿಟ್ಟು ಹೇಳಬಹುದು. ಕೇರಿಯವರಿಗೆ ಹೇಳುವ ಹಾಗಿಲ್ಲ. ಅವರು ವ್ಯಾನು ಕೇಳುವುದು ಏಣಿಯನ್ನೋ ಒಂದು ಲೋಟ ಸಕ್ಕರೆಯನ್ನೋ ಕೇಳಿದ ಹಾಗೆ. "ಪೆಟ್ರೋಲ್ ನಾವೇ ಹಾಕ್ಕೊಳ್ತೀವಿ ಮಾರಾಯ" ಎನ್ನುವುದೇ ಅಲ್ಲಿನ ಬಾಡಿಗೆ. ಆದರೆ ಟ್ಯಾಂಕಿನಲ್ಲಿ ಮೊದಲೇ ಪೆಟ್ರೋಲ್ ಇದ್ದರೆ ಯಾರೂ ಹಾಕುತ್ತಿರಲಿಲ್ಲ. "ಇತ್ತಲ್ಲ, ಅದ್ರಲ್ಲೇ ಹೋಗಿ ಬಂದ್ವಿ" ಎಂದು ಕೀಲಿಕೈ ಕೊಟ್ಟು ನಗುತ್ತಿದ್ದರು.

ಹೀಗೆ ಎರಡು ಸಲ ಏಟು ತಿಂದ ಮೇಲೆ ಭೂತಪ್ಪ ಒಂದು ಉಪಾಯ ಕಂಡುಹಿಡಿದ. ತನ್ನ ಬಾಡಿಗೆಗೆ ಎಷ್ಟು ಬೇಕೋ ಅಷ್ಟೇ ಪೆಟ್ರೋಲ್. ನೂರು ರೂಪಾಯಿಯದು, ಹೆಚ್ಚೆಂದರೆ ಇನ್ನೂರರದು. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಯಾವಾಗಲೂ ಕೆಳಗೇ ಮಲಗಿರಬೇಕು.

"ಟ್ಯಾಂಕ್ ತುಂಬಿದ್ರೆ ಗಾಡಿ ಊರೆಲ್ಲ ಸುತ್ತುತ್ತೆ. ಒಣಗಿದ್ರೆ ಮನೇಲಿರುತ್ತೆ" ಎಂದು ಹೆಂಡತಿ ಕನ್ನಮ್ಮನಿಗೆ ವಿವರಿಸಿದ್ದ. ಈ ಮಾತು ಹೇಳುವಾಗ ಅವನ ಮುಖ ಹೊಸದಾಗಿ ಸುಣ್ಣ ಹೊಡೆದ ಗೋಡೆಯ ಹಾಗೆ ಬೆಳಗುತ್ತಿತ್ತು.

ಅಂದು ಶುಕ್ರವಾರ. ಬೆಳಿಗ್ಗೆ ಎಂಟು ಗಂಟೆಗೆ ಭೂತಪ್ಪ ವ್ಯಾನು ತೊಳೆದು, ಸೀಟಿನ ಬಟ್ಟೆ ಬದಲಿಸಿ, ಕೀ ತಿರುಗಿಸಿದ. ಎಂಜಿನ್ನು ಕೊಯ್ಯೋ ಕೊಯ್ಯೋ ಅಂದಿತು, ಹಿಡಿಯಲಿಲ್ಲ. ಮತ್ತೆ ತಿರುಗಿಸಿದ. ಮತ್ತೆ ಕೊಯ್ಯೋ.

ಬೇರೆ ದಿನವಾಗಿದ್ದರೆ ಬೈದು ಸುಮ್ಮನಾಗುತ್ತಿದ್ದ. ಅಂದು ಹಾಗಿರಲಿಲ್ಲ. ಹೊಸದಾಗಿ ಶುರುವಾದ ಒಂದು ಖಾಸಗಿ ಶಾಲೆಗೆ ಮಕ್ಕಳನ್ನು ಕರೆತರಲು ತಿಂಗಳ ಲೆಕ್ಕದ ವ್ಯಾನು ಬೇಕಿತ್ತು. ತಿಂಗಳಿಗೆ ಹದಿನಾರು ಸಾವಿರ ಬಾಡಿಗೆ. ಸ್ಟ್ಯಾಂಡಿನಲ್ಲಿ ಬೀಡಾ ಜಗಿಯುತ್ತ ಗಿರಾಕಿ ಕಾಯುವುದು ತಪ್ಪುತ್ತಿತ್ತು. ಶಾಲೆಯ ಆಫೀಸು ನೋಡಿಕೊಳ್ಳುವ ಸುಪ್ರಿಯಾ ಮೇಡಂ ಸ್ಪಷ್ಟವಾಗಿ ಹೇಳಿದ್ದರು: "ನಾಲ್ಕು ಗಂಟೆಗೆ ಗಾಡಿ ತಂದು ತೋರಿಸಿ. ಬರ್ಲಿಲ್ಲ ಅಂದ್ರೆ ದಿನೇಶ್ ಅವ್ರ ಗಾಡಿ ತಗೊಳ್ತೀವಿ."

ದಿನೇಶನೂ ಸ್ಟ್ಯಾಂಡಿನವನೇ. ಅವನ ವ್ಯಾನಿಗೆ ಹೊಸ ಟೈರು ಬೇರೆ ಇತ್ತು.

ಕೊಯ್ಯೋ ಸದ್ದಿಗೆ ಮೊದಲು ಬಂದವನು ಪಕ್ಕದ ಮನೆಯ ಅಂಜನಪ್ಪ. ಹಿಂದೆಯೇ ಎದುರು ಮನೆಯ ಯಮುನಮ್ಮ, ಕೈಯಲ್ಲಿ ಕಾಫಿ ಲೋಟದ ಸಮೇತ.

"ದೃಷ್ಟಿ ಆಗಿದೆ ಕಣೊ. ಇಷ್ಟು ಬೆಳ್ಳಗೆ ಯಾಕೆ ತೊಳ್ದೆ?" ಎಂದರು ಯಮುನಮ್ಮ.

"ದೃಷ್ಟಿಯೂ ಇಲ್ಲ ಎಂಥದೂ ಇಲ್ಲ" ಎಂದ ಅಂಜನಪ್ಪ. "ಟ್ಯಾಂಕಿನ ಅಡಿಗೆ ನಾಲ್ಕು ಏಟು ಹಾಕ್ಬೇಕು ಭೂತಪ್ಪಣ್ಣ. ಒಳಗೆ ಪಂಪು ಹಿಡ್ಕಂಡಿರುತ್ತೆ, ಬಿಡುತ್ತೆ." ಹೇಳಿದ್ದಷ್ಟೇ ಅಲ್ಲ, ಒಂದು ಸೌದೆ ಕೊರಡು ತಂದು ವ್ಯಾನಿನ ಅಡಿಗೆ ನುಗ್ಗಿಯೇಬಿಟ್ಟ. ಧಡ್, ಧಡ್ ಎಂದು ನಾಲ್ಕರ ಬದಲು ಒಂಬತ್ತು ಏಟು ಬಿದ್ದವು. ಭೂತಪ್ಪನಿಗೆ ಒಂದೊಂದೂ ತನ್ನ ಬೆನ್ನಿಗೇ ಬಿದ್ದಂತಾಯಿತು.

ಕೀ ತಿರುಗಿಸಿದರೆ ಎಂಜಿನ್ನು ಹಿಡಿಯಿತು!

"ಹೇಳ್ಲಿಲ್ವಾ?" ಎಂದು ಅಂಜನಪ್ಪ ಧೂಳು ಕೊಡವಿಕೊಂಡು ಮುಂದಿನ ಸೀಟಿನಲ್ಲಿ ಕೂತ. ಗಾಡಿ ಗೆದ್ದದ್ದನ್ನು ನೋಡಲು ಯಮುನಮ್ಮ ಹಿಂದಿನ ಸೀಟು ಹತ್ತಿದರು. ವ್ಯಾನು ಕೇರಿ ದಾಟಿ, ತಿರುವು ದಾಟಿ, ಸರಿಯಾಗಿ ಹೇರಂಬನ ಗ್ಯಾರೇಜಿನ ಗೇಟಿನ ಮುಂದೆ ಒಮ್ಮೆ ಬಿಕ್ಕಳಿಸಿ ನಿಂತಿತು. ತನಗೆ ಎಲ್ಲಿ ಹೋಗಬೇಕೆಂದು ಅದಕ್ಕೇ ಗೊತ್ತಿದ್ದಂತಿತ್ತು.

ಹೇರಂಬ ಮಾತು ಕಡಿಮೆಯ ಮೆಕ್ಯಾನಿಕ್ಕು. ವ್ಯಾನಿನ ಬಾಗಿಲು ತೆಗೆದು ಕೀಯನ್ನು ಅರ್ಧ ತಿರುಗಿಸಿ ಕಿವಿಗೊಟ್ಟ.

"ಎಂಥ ಕೇಳ್ಸುತ್ತೆ?" ಎಂದು ಕೇಳಿದ.

"ಎಂಥದೂ ಕೇಳ್ಸಲ್ಲ" ಎಂದ ಭೂತಪ್ಪ.

"ಅದೇ ತೊಂದ್ರೆ. ಜುಂಯ್ ಅಂತ ಕೇಳ್ಬೇಕು. ಪಂಪು ಸತ್ತಿದೆ."

ಸಾಗರದ ಬಿಡಿಭಾಗದ ಅಂಗಡಿಗೆ ಫೋನು ಹೋಯಿತು. ಪಂಪು ಇದೆ, ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಟ್ಟು ಕಳಿಸುತ್ತೇವೆ, ಹನ್ನೊಂದೂವರೆಗೆ ಹೊಸನಗರ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳಿ ಎಂದರು. ಅಷ್ಟರೊಳಗೆ ಟ್ಯಾಂಕ್ ಇಳಿಸಿ ತೊಳೆಯೋಣ ಎಂದು ಹೇರಂಬ ವ್ಯಾನಿನ ಅಡಿಗೆ ಮಲಗಿದ. ನಡುವೆ ತನ್ನ ಹೆಂಡತಿಯ ಫೋನು ಬಂದಾಗ, "ಊಟಕ್ಕೆ ಬತ್ನಿಲ್ಲೆ, ಟ್ಯಾಂಕ್ ಬಿಚ್ಚಿ ಹಾಕ್ಕಂಡು ಕೂತಿದ್ದಿ" ಎಂದು ಅಡಿಯಿಂದಲೇ ಮನೆಮಾತಾದ ಹವ್ಯಕ ಕನ್ನಡದಲ್ಲಿ ಹೇಳಿದ. ವಿಷಯ ತಿಳಿದು ಕನ್ನಮ್ಮನೂ ನಡೆದುಕೊಂಡು ಬಂದಳು.

ಟ್ಯಾಂಕ್ ಕೆಳಗಿಳಿಯಿತು. ಅದರಲ್ಲಿ ಪೆಟ್ರೋಲು ಅರ್ಧ ಬಾಟಲಿಯೂ ಇರಲಿಲ್ಲ. ಇದ್ದದ್ದು ಕಷಾಯದ ಬಣ್ಣದ ನೀರು. ಹೇರಂಬ ಪಂಪು ಬಿಚ್ಚಿ ತೆಗೆದು, ಆ ತೂತಿನಲ್ಲಿ ಕೈಹಾಕಿದ. ಹೆರಿಗೆ ಮಾಡಿಸುವ ಸೂಲಗಿತ್ತಿಯ ಸುತ್ತ ನಿಂತಂತೆ ಎಲ್ಲರೂ ಸುತ್ತ ನಿಂತರು.

ಮೊದಲು ಬಂದದ್ದು ಒಂದು ಬಟ್ಟೆಯ ತುಂಡು. ಕೆಂಪು ಚೌಕುಳಿಯ ಟವೆಲ್ಲಿನದು.

ಎಲ್ಲರೂ ಅಂಜನಪ್ಪನ ಹೆಗಲ ಕಡೆ ನೋಡಿದರು. ಅಲ್ಲಿ ಅದೇ ಚೌಕುಳಿಯ ಟವೆಲ್ಲು, ಒಂದು ಮೂಲೆ ಇಲ್ಲದೆ ನೇತಾಡುತ್ತಿತ್ತು.

"ಹೋದ ವರ್ಷ ಗಾಡಿ ಒಯ್ದಾಗ ಮುಚ್ಚಳ ಎಲ್ಲೋ ಬಿದ್ದೋಯ್ತು" ಎಂದ ಅಂಜನಪ್ಪ, ಟವೆಲ್ಲು ಮಡಚಿಕೊಳ್ಳುತ್ತ. "ಸುಮ್ನೆ ಬಿಟ್ರೆ ಧೂಳು ಹೋಗುತ್ತೆ ಅಂತ ಒಳ್ಳೇದಕ್ಕೇ ತುರುಕಿದ್ದೆ. ಒಂಚೂರು ಒಳಗೆ ಹೋಯ್ತು ಕಾಣ್ತದೆ. ಆಮೇಲೆ ಯಾವ್ದೋ ಹಳೇ ಮುಚ್ಚಳ ಹಾಕಿ ತಂದೆ."

ಎರಡನೆಯದು ದಪ್ಪ ಕಾಗದದ ಚೂರು. ಹೇರಂಬ ಬಿಡಿಸಿ ಹಿಡಿದ. 'ತಮ್ಮ ಸುಖಾಗಮನವನ್ನು ಬಯಸುವ' ಎಂಬಷ್ಟು ಅಕ್ಷರ ಇನ್ನೂ ಓದಲು ಬರುತ್ತಿತ್ತು. ಕೆಳಗೆ ಯಮುನಮ್ಮನ ಮನೆತನದ ಹೆಸರು.

"ಮಗಳ ಮದುವೇಲಿ ಗಾಡಿ ಒಯ್ದಾಗ ಟ್ಯಾಂಕು ಬರಿದಾಗಿತ್ತಪ್ಪ" ಎಂದರು ಯಮುನಮ್ಮ. "ಬಾಟ್ಲೀಲಿ ಪೆಟ್ರೋಲ್ ತಂದ್ವಿ. ಸುರಿಯೋಕೆ ಆಲಿಕೆ ಇರ್ಲಿಲ್ಲ. ಉಳಿದಿದ್ದ ಮದುವೆ ಕಾಗದಾನೇ ಸುತ್ತಿದ್ವಿ. ನೀರಿನ ಬಾಟ್ಲಿ ಆಗಿತ್ತು, ಒರೆಸ್ಲಿಲ್ಲ ಕಾಣ್ತದೆ."

ಭೂತಪ್ಪನ ಎದೆ ಉಬ್ಬಿತು. ನಾಲ್ಕು ವರ್ಷ ಮನಸ್ಸಿನಲ್ಲಿಟ್ಟುಕೊಂಡದ್ದನ್ನೆಲ್ಲ ಹೇಳುವ ಹಕ್ಕು ಈಗ ಸಿಕ್ಕಿತ್ತು. "ನೋಡಿ! ನನ್ನ ಗಾಡಿ ಅಂದ್ರೆ ನಿಮಗೆಲ್ಲ ಕಸದ ಬುಟ್ಟಿ! ಒಬ್ಬ ಬಟ್ಟೆ ತುರುಕ್ತಾನೆ, ಒಬ್ರು ಮದುವೆ ಕಾಗದ..."

"ಇನ್ನೂ ಇದೆ, ತಡೀರಿ" ಎಂದ ಹೇರಂಬ.

ಮೂರನೆಯ ಸಲ ಅವನ ಕೈಯಲ್ಲಿ ಬಂದದ್ದು ತೆಂಗಿನ ಪೊರಕೆ ಕಡ್ಡಿಗಳು. ಒಂದಲ್ಲ, ಎರಡಲ್ಲ. ನೆಲದ ಮೇಲೆ ಸಾಲಾಗಿ ಇಟ್ಟರೆ ಹನ್ನೊಂದು ತುಂಡು.

"ಇದು ಯಾರದ್ದು?" ಎಂದರು ಯಮುನಮ್ಮ.

ಭೂತಪ್ಪ ಗ್ಯಾರೇಜಿನ ಸೂರಿನಲ್ಲಿದ್ದ ಜೇಡರಬಲೆಯನ್ನು ಮೊದಲ ಸಲ ಕಂಡವನಂತೆ ನೋಡತೊಡಗಿದ. ಕನ್ನಮ್ಮ ಒಂದು ತುಂಡನ್ನು ಎತ್ತಿ, ತಿರುಗಿಸಿ, ಕೆಳಗಿಟ್ಟಳು.

"ನನ್ನ ಪೊರಕೆ ತಿಂಗಳು ತಿಂಗಳು ತೆಳ್ಳಗಾಗ್ತಿದ್ದದ್ದು ಯಾಕೆ ಅಂತ ಇವತ್ತು ಗೊತ್ತಾಯ್ತು" ಎಂದಳು.

ವಿಷಯ ಹೊರಬಿತ್ತು. ಮುಳ್ಳನ್ನು ನಂಬದ ಭೂತಪ್ಪ, ಗಾಡಿ ಯಾರು ಒಯ್ದರೂ ಕೊಡುವ ಮುಂಚೆ ಒಮ್ಮೆ, ವಾಪಸು ಬಂದ ಮೇಲೆ ಒಮ್ಮೆ, ಟ್ಯಾಂಕಿಗೆ ಕಡ್ಡಿ ಇಳಿಸಿ ಅಳತೆ ನೋಡುತ್ತಿದ್ದ. ಅವಸರದಲ್ಲಿ ಕೆಲವು ಒಳಗೇ ಮುರಿದಿದ್ದವು.

"ನಾನು ಒಯ್ದಾಗ್ಲೂ ಅಳೀತಿದ್ರಾ ಭೂತಪ್ಪಣ್ಣ?" ಎಂದ ಅಂಜನಪ್ಪ. ದನಿ ಸಣ್ಣದಾಗಿತ್ತು.

"ಹಾಗಲ್ಲ ಅಂಜನಪ್ಪ, ಸುಮ್ನೆ..."

"ಮಗಳ ಮದುವೇಲೂ ಅಳೆದ್ಯಾ?" ಎಂದರು ಯಮುನಮ್ಮ. "ಸಾಕು ಬಿಡಪ್ಪ. ಇನ್ನು ಈ ಕಾಲು ನಿನ್ನ ಗಾಡಿ ಹತ್ತಲ್ಲ." ಕಾಫಿ ಲೋಟ ತೆಗೆದುಕೊಂಡು ನಡೆದೇಬಿಟ್ಟರು.

ಕೇರಿಯವರು ಗಾಡಿ ಕೇಳಬಾರದು ಎಂದು ನಾಲ್ಕು ವರ್ಷ ತಲೆ ಓಡಿಸಿದ್ದ ಭೂತಪ್ಪನಿಗೆ, ಕೇಳುವುದಿಲ್ಲ ಎಂದು ಅವರೇ ಹೇಳಿದಾಗ ಯಾಕೋ ಖುಷಿಯಾಗಲಿಲ್ಲ.

ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಸ್ಟ್ಯಾಂಡಿಗೆ ಓಡಿದ. ಅಲ್ಲಿ ನೆರಳಿನಲ್ಲಿ ದಿನೇಶ ನಿಂತಿದ್ದ.

"ಏನ್ ಭೂತಪ್ಪಣ್ಣ, ನಡ್ಕಂಡು? ಗಾಡಿ ಎಲ್ಲಿ? ಕೆಟ್ಟಿದೆಯಾ ಎಂಥದು?"

ಗಾಡಿ ಕೆಟ್ಟಿದೆ ಎಂದು ಇವನಿಗೆ ಗೊತ್ತಾದರೆ ಐದು ನಿಮಿಷದಲ್ಲಿ ಸುಪ್ರಿಯಾ ಮೇಡಂಗೂ ಗೊತ್ತಾಗುತ್ತದೆ. "ಕೆಡೋದಾ? ನನ್ನ ಗಾಡಿಯಾ? ಡಾಕ್ಟ್ರು ನಡೀಬೇಕು ಅಂದಿದಾರೆ, ಸಕ್ಕರೆ ಕಾಯಿಲೆಗೆ ಒಳ್ಳೇದಂತೆ" ಎಂದ ಭೂತಪ್ಪ. ಅವನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ಆ ಹೊತ್ತಿಗೇ ತೀರ್ಥಹಳ್ಳಿ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ನಿಂತು, ಒಂದು ರಟ್ಟಿನ ಡಬ್ಬಿ ಎತ್ತಿ ಹಿಡಿದು, ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದ: "ಭೂತಪ್ಪ ಯಾರ್ರೀ? ವ್ಯಾನಿನ ಪಂಪು ಬಂದಿದೆ!"

ಭೂತಪ್ಪ ಗೋಡೆಯ ಮೇಲಿನ ಬಸ್ಸಿನ ವೇಳಾಪಟ್ಟಿ ಓದತೊಡಗಿದ.

"ಭೂತಪ್ಪಾ! ಪಂಪು ಸತ್ತಿರೋ ಭೂತಪ್ಪ ಯಾರ್ರೀ?"

"ನಿಮ್ಮನ್ನೇ ಕೂಗ್ತಿದಾನಲ್ವಾ?" ಎಂದ ದಿನೇಶ.

"ಈ ತಾಲೂಕಲ್ಲಿ ಭೂತಪ್ಪಂದಿರಿಗೆ ಬರಗಾಲವಾ ಮಾರಾಯ" ಎಂದ ಭೂತಪ್ಪ. ಕಂಡಕ್ಟರು ಸೀಟಿ ಊದಿದ. ಬಸ್ಸು ಹಾರನ್ ಹೊಡೆಯಿತು. ಮೂರು ಸಾವಿರದ ಒಂಬೈನೂರು ರೂಪಾಯಿ ಕಣ್ಣೆದುರೇ ತೀರ್ಥಹಳ್ಳಿ ಕಡೆಯ ಹುಂಚದ ದಾರಿ ಹಿಡಿಯಿತು. ಭೂತಪ್ಪ ಅದಕ್ಕೆ ಕೈ ಬೀಸದೆ ಇರಲು ಎರಡೂ ಕೈಯನ್ನು ಜೇಬಿನೊಳಗೆ ತುರುಕಿಕೊಂಡಿದ್ದ.

ಗ್ಯಾರೇಜಿಗೆ ಬಂದು ನಡೆದದ್ದು ಹೇಳಿದಾಗ ಹೇರಂಬ ತಲೆ ಚಚ್ಚಿಕೊಂಡ. ಫೋನಿನ ಮೇಲೆ ಫೋನು ಮಾಡಿದ. ಕಂಡಕ್ಟರು ಡಬ್ಬಿಯನ್ನು ಹುಂಚದ ಸ್ಟಾಪಿನ ಹೋಟೆಲಿನಲ್ಲಿ ಇಳಿಸುವುದಾಗಿ ಒಪ್ಪಿದ. ಹೋಗಿ ತರುವವರು ಯಾರು? ಗಂಟೆ ಹನ್ನೆರಡಾಗಿತ್ತು.

ಅಂಜನಪ್ಪ ಇನ್ನೂ ಗ್ಯಾರೇಜಿನ ಕಲ್ಲಿನ ಮೇಲೆ ಬೇಜಾರಾಗಿ ಕೂತಿದ್ದ. ಎದ್ದು ನಿಂತ.

"ಬೇಜಾರು ಬೇರೆ, ಪಂಪು ಬೇರೆ. ಸ್ಕೂಟರಲ್ಲಿ ಹೋಗಿ ತರ್ತೀನಿ" ಎಂದ. ಎರಡು ಹೆಜ್ಜೆ ಹೋಗಿ ತಿರುಗಿದ. "ಪೆಟ್ರೋಲಿಗೆ ಇನ್ನೂರು ಕೊಡಿ."

"ಸ್ಕೂಟರಲ್ಲಿ ಪೆಟ್ರೋಲ್ ಇಲ್ವನಾ?"

"ಒಣಗ್ಸಿ ಇಡ್ತೀನಿ. ತಮ್ಮ ಒಯ್ದುಬಿಡ್ತಾನೆ" ಎಂದ ಅಂಜನಪ್ಪ. "ನಿಮ್ಮನ್ನ ನೋಡಿಯೇ ಕಲ್ತಿದ್ದು."

ಭೂತಪ್ಪ ಇನ್ನೂರು ಕೊಟ್ಟ. ಗುರುದಕ್ಷಿಣೆ ಗುರುವೇ ಕೊಟ್ಟ ಹಾಗಾಯಿತು.

ಒಂದೂ ಮುಕ್ಕಾಲಿಗೆ ಅಂಜನಪ್ಪ ಪಂಪಿನ ಡಬ್ಬಿಯನ್ನು ಮೊಟ್ಟೆಯ ಹಾಗೆ ಎದೆಗವಚಿಕೊಂಡು ಬಂದ. ಅಷ್ಟರಲ್ಲಿ ಹೇರಂಬ ಟ್ಯಾಂಕಿನೊಳಗೆ ಒಂದು ಹಿಡಿ ಸಣ್ಣ ಜಲ್ಲಿ ಮತ್ತು ಸ್ವಲ್ಪ ಪೆಟ್ರೋಲು ಹಾಕಿ, ಕುಲುಕಿ ಕುಲುಕಿ ತುಕ್ಕು ಬಿಡಿಸಿ, ಮೂರು ಸಲ ತೊಳೆದು, ಗಾಳಿ ಹೊಡೆದು ಒಣಗಿಸಿ ಇಟ್ಟಿದ್ದ. ಬಿಸಿಲಿಗೆ ಬಾಯಿ ತೆರೆದು ಮಲಗಿದ್ದ ಟ್ಯಾಂಕಿನೊಳಗೆ ಇಣುಕಿದರೆ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು.

ಹಳೆಯ ಪಂಪನ್ನು ಭೂತಪ್ಪನ ಕೈಗಿಟ್ಟು ಹೇರಂಬ ಆ ದಿನದ ಅತಿ ಉದ್ದದ ಮಾತಾಡಿದ.

"ನೋಡಿ, ಕಪ್ಪಾಗಿದೆ. ಕಸದಿಂದ ಅರ್ಧ ಸತ್ತಿದ್ದು, ಇನ್ನರ್ಧ ನಿಮ್ಮಿಂದ. ಎಮ್ಮೆ ಹೊಂಡದಲ್ಲಿ ಮಲಗ್ದಂಗೆ ಪಂಪು ಪೆಟ್ರೋಲಲ್ಲಿ ಮುಳುಗಿರ್ಬೇಕು. ಅದಕ್ಕೆ ತಂಪು ಅದೇ. ನೀವು ನಾಲ್ಕು ವರ್ಷ ಎಮ್ಮೇನ ಬಿಸಿಲಲ್ಲಿ ಕಟ್ಟಿದೀರಿ. ಇನ್ನು ಕಾಲು ಟ್ಯಾಂಕಿಗಿಂತ ಕಡಿಮೆ ಮಾಡಿದ್ರೆ ಈ ಪಂಪೂ ಹೋಗುತ್ತೆ."

"ಅಂದ್ರೆ ನಾನು ಒಣಗಿಸಿಟ್ಟೇ..."

"ಹೌದು. ಟ್ಯಾಂಕು ಒಣಗಿತ್ತು, ಅದಕ್ಕೆ ಅವರು ಬಾಟ್ಲಿ ತಂದ್ರು. ಬಾಟ್ಲಿ ತಂದ್ರು, ಅದಕ್ಕೆ ಕಾಗದ ಸುತ್ತಿದ್ರು. ಎಲ್ಲ ಒಂದೇ ಕಡೆಯಿಂದ ಶುರು."

ಮೂರು ಗಂಟೆಗೆ ಟ್ಯಾಂಕ್ ಏರಿತು, ಪಂಪು ಕೂತಿತು, ಹೊಸ ಮುಚ್ಚಳ ಬಿತ್ತು. ಹೇರಂಬ ಐದು ಲೀಟರ್ ಸುರಿದು ಕೀಯನ್ನು ಅರ್ಧ ತಿರುಗಿಸಿದ. ಜುಂಯ್! ಆ ಸದ್ದಿಗೆ ಅಂಜನಪ್ಪ ಚಪ್ಪಾಳೆ ಹೊಡೆದೇಬಿಟ್ಟ. ಎಂಜಿನ್ನು ಮೊದಲ ಸಲಕ್ಕೇ ಹಿಡಿಯಿತು.

ಕನ್ನಮ್ಮ ಸೆರಗಿನ ಗಂಟು ಬಿಚ್ಚಿದಳು. ಹಾಲು ಮಾರಿ ಕೂಡಿಟ್ಟ ಮೂರು ಸಾವಿರದ ಐನೂರು ಅದರಲ್ಲಿತ್ತು. "ತಗೊಳ್ಳಿ, ಟ್ಯಾಂಕ್ ತುಂಬ್ಸಿ. ಪಂಪಿಗೂ ಒಳ್ಳೇದು, ಮೇಡಂ ಕಣ್ಣಿಗೂ ಒಳ್ಳೇದು. ಮುಳ್ಳು ಕೆಳಗೆ ಮಲಗಿರೋ ಗಾಡಿಗೆ ಮಕ್ಕಳನ್ನ ಯಾರು ಕಳಿಸ್ತಾರೆ?"

ಬಂಕಿನ ಹುಡುಗಿ ಎಂದಿನಂತೆ, "ನೂರಾ, ಇನ್ನೂರಾ?" ಎಂದಳು.

"ಫುಲ್" ಎಂದ ಭೂತಪ್ಪ. ಈ ಮಾತು ಅವನ ಬಾಯಿಂದ ಬಂದದ್ದು ಹುಟ್ಟಿದ ಮೇಲೆ ಇದೇ ಮೊದಲು. ಅವಳು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡಳು. ಮುಳ್ಳು ಮೆಲ್ಲಗೆ ಎದ್ದು, ಅರ್ಧ ದಾಟಿ, ತುತ್ತತುದಿಗೆ ಹೋಗಿ ನಿಂತಿತು. ಅದು ಅಷ್ಟು ದೂರ ಹೋಗಬಲ್ಲದೆಂದು ಭೂತಪ್ಪನಿಗೂ ಗೊತ್ತಿರಲಿಲ್ಲ. ಎದೆಯೊಳಗೂ ಏನೋ ಹಾಗೆಯೇ ತುಂಬಿ ಬಂತು. ಶಾಲೆಯ ಮಕ್ಕಳು, ತಿಂಗಳ ಸಂಬಳ, ತುಂಬಿದ ಟ್ಯಾಂಕು. ನಾಳೆಯಿಂದ ತಾನು ಬೇರೆಯೇ ಮನುಷ್ಯ.

ನಾಲ್ಕಕ್ಕೆ ಐದು ನಿಮಿಷವಿರುವಾಗ ವ್ಯಾನು ಶಾಲೆಯ ಅಂಗಳದಲ್ಲಿ ನಿಂತಿತು. ಸುಪ್ರಿಯಾ ಮೇಡಂ ಬಾಗಿಲು ತೆಗೆದು ಹಾಕಿ ನೋಡಿದರು, ಬ್ರೇಕು ಒತ್ತಿ ನೋಡಿದರು, ಒಂದು ಸುತ್ತು ಕೂತು ಬಂದರು.

"ಗಾಡಿ ಚೆನ್ನಾಗಿದೆ. ಸೋಮವಾರದಿಂದ ಬನ್ನಿ" ಎಂದರು.

ಭೂತಪ್ಪನಿಗೆ ಅಲ್ಲೇ ಕುಣಿಯಬೇಕೆನ್ನಿಸಿತು. ಅವರು ಮುಂದುವರಿಸಿದರು: "ಬಾಡಿಗೆ ಮಾತ್ರ ನಿಮ್ಮದು, ಪೆಟ್ರೋಲ್ ನಮ್ಮದು. ದಿನಾ ಬೆಳಿಗ್ಗೆ ಬಂಕಿಗೆ ಚೀಟಿ ಕೊಡ್ತೀನಿ. ಆ ದಿನದ ದಾರಿಗೆ ನಾಲ್ಕು ಲೀಟರ್, ಅಷ್ಟೇ. ಲೆಕ್ಕ ಸೊನ್ನೆಯಿಂದ ಶುರು ಆಗ್ಬೇಕು. ಸೋಮವಾರ ನಿಮ್ಮ ಟ್ಯಾಂಕ್ ಖಾಲಿ ಇರ್ಲಿ."

"ಮೇಡಂ, ಈಗಷ್ಟೇ ಫುಲ್..." ಭೂತಪ್ಪ ಮುಳ್ಳು ತೋರಿಸಿದ.

"ಅಯ್ಯೋ, ಯಾಕೆ ತುಂಬ್ಸಿದ್ರಿ? ಸೋಮವಾರ ಎಷ್ಟು ಉಳಿದಿರುತ್ತೋ ಅಷ್ಟು ಮುಗಿಯೋವರೆಗೆ ಚೀಟಿ ಸಿಗಲ್ಲ. ಅದಕ್ಕೆ ದುಡ್ಡು ಕೇಳೋ ಹಾಗೂ ಇಲ್ಲ."

"ಹಾಗಲ್ಲ ಮೇಡಂ. ಪಂಪು ಪೆಟ್ರೋಲಲ್ಲಿ ಮುಳುಗಿರ್ಬೇಕಂತೆ. ಎಮ್ಮೆ ಹೊಂಡದಲ್ಲಿ..."

ಮೇಡಂ ನಕ್ಕರು. "ಡ್ರೈವರ್‌ಗಳ ಕತೆ ಎಲ್ಲ ನಂಗೆ ಗೊತ್ತು ಭೂತಪ್ಪನವರೇ. ಟ್ಯಾಂಕ್ ತುಂಬಿದ್ರೆ ಗಾಡಿ ಊರೆಲ್ಲ ಸುತ್ತುತ್ತೆ. ಒಣಗಿದ್ರೆ ಮನೇಲಿರುತ್ತೆ."

ತನ್ನ ಮಾತು ಬೇರೆಯವರ ಬಾಯಲ್ಲಿ ಇಷ್ಟು ಕೆಟ್ಟದಾಗಿ ಕೇಳುತ್ತದೆಂದು ಭೂತಪ್ಪ ಎಣಿಸಿರಲಿಲ್ಲ.

"ಮುಳ್ಳನ್ನೂ ನಾನು ನಂಬಲ್ಲ" ಎನ್ನುತ್ತ ಮೇಡಂ ಒಳಗಿನಿಂದ ಏನನ್ನೋ ತಂದರು. ತೆಂಗಿನ ಪೊರಕೆ ಕಡ್ಡಿ. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಹಾಕಿದ್ದರು. "ದಿನಾ ಸಂಜೆ ಇದ್ರಲ್ಲೇ ನೋಡೋದು."

"ಬೇಡ ಮೇಡಂ, ಅದು ಒಳಗೇ ಮುರಿಯುತ್ತೆ!"

"ನಿಮಗೆ ಹೇಗೆ ಗೊತ್ತು?"

"ಯಾರೋ ಹೇಳಿದ್ರು" ಎಂದ ಭೂತಪ್ಪ, ನೆಲ ನೋಡುತ್ತ.

ವಾಪಸು ಬರುವಾಗ ಹೇರಂಬನಲ್ಲಿ ಗಾಡಿ ನಿಲ್ಲಿಸಿ, ಪೆಟ್ರೋಲ್ ಇಳಿಸಿಕೊಡುತ್ತೀಯಾ ಎಂದು ಕೇಳಿದ. ಇಳಿಸಬಹುದು, ಟ್ಯಾಂಕ್ ಬಿಚ್ಚಬೇಕು, ಮತ್ತೆ ಎಂಟುನೂರು ಎಂದ ಹೇರಂಬ. ಮನೆಗೆ ಬಂದು ಕ್ಯಾನು ಹುಡುಕಿದರೆ, "ಸೌದೆ ಒಲೆ ಉರಿಯೋ ಮನೇಲಿ ಪೆಟ್ರೋಲ್ ಇಡ್ತೀರಾ? ನಾನು ತವರಿಗೆ ಹೋಗ್ತೀನಿ" ಎಂದಳು ಕನ್ನಮ್ಮ. ಶಾಲೆಗೆ ಪುಕ್ಕಟೆ ಸುಡುವ ಬದಲು ಅಷ್ಟನ್ನೂ ಖರ್ಚು ಮಾಡಲು ಉಳಿದದ್ದು ಎರಡೇ ದಿನ, ಶನಿವಾರ ಮತ್ತು ಭಾನುವಾರ.

ಸಂಜೆ ಐದೂವರೆಗೆ ಭೂತಪ್ಪ ಅಂಗಿ ಬದಲಿಸಿ ಅಂಜನಪ್ಪನ ಬಾಗಿಲಿಗೆ ಹೋದ.

"ಅಂಜನಪ್ಪ, ನಾಳೆ ಎಲ್ಲಾದ್ರೂ ಹೋಗೋದಿದೆಯಾ? ಗಾಡಿ ಒಯ್ಯೋ."

ಅಂಜನಪ್ಪ ಅನುಮಾನದಿಂದ ನೋಡಿದ. "ಬೇಡ ಭೂತಪ್ಪಣ್ಣ. ಅಳತೆ ಹಾಕಿ ಕೊಡೋ ಗಾಡಿ ನಂಗೆ ಬೇಡ."

"ಅಳತೆ ಇಲ್ಲ ಮಾರಾಯ. ಪೆಟ್ರೋಲೂ ನಂದೇ. ಫುಲ್ ಇದೆ. ಎಷ್ಟು ದೂರ ಬೇಕಾದ್ರೂ ಹೋಗು!"

"ನಿಮಗೆ ನಿಜವಾಗ್ಲೂ ಸಕ್ಕರೆ ಕಾಯಿಲೆನಾ ಎಂಥದು? ತಲೆ ತಿರುಗ್ತಿದೆಯಾ?" ಎಂದ ಅಂಜನಪ್ಪ.

ಯಮುನಮ್ಮನ ಮನೆಯಲ್ಲಿ ಇನ್ನೂ ಕಷ್ಟವಾಯಿತು. ಅವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಭೂತಪ್ಪ ಶಾಲೆಯಲ್ಲಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಚೀಟಿ, ನಾಲ್ಕು ಲೀಟರು, ಗೆರೆ ಹಾಕಿದ ಪೊರಕೆ ಕಡ್ಡಿ. ಕಡ್ಡಿಯ ಮಾತು ಬಂದಾಗ ಯಮುನಮ್ಮ ಬಾಗಿಲ ಚೌಕಟ್ಟು ಹಿಡಿದು ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಗು ಕೇಳಿ ಅಂಜನಪ್ಪ ಬಂದ. ಅವನಿಗೂ ಹೇಳಬೇಕಾಯಿತು. ಅವನೂ ನಕ್ಕ. ಕೊನೆಗೆ ಬೇರೆ ದಾರಿ ಕಾಣದೆ ಭೂತಪ್ಪನೂ ನಕ್ಕ.

"ಒಳಗೆ ಬಾ, ಕಾಫಿ ಕುಡಿ" ಎಂದರು ಯಮುನಮ್ಮ. "ನಾಳೆ ತೀರ್ಥಹಳ್ಳಿಗೆ ಮಗಳನ್ನ ನೋಡೋಕೆ ಹೋಗೋಣ. ಭಾನುವಾರ ಎಲ್ಲ ಸೇರಿ ವರದಹಳ್ಳಿ ಆಶ್ರಮಕ್ಕೆ. ಗಾಡಿ ನೀನೇ ಹೊಡಿ."

ಹಾಗೆಯೇ ಆಯಿತು. ಶನಿವಾರ ತೀರ್ಥಹಳ್ಳಿ, ಸಂಜೆ ಅಂಜನಪ್ಪನ ಅತ್ತೆಮನೆ, ಭಾನುವಾರ ವರದಹಳ್ಳಿ. ಬರುವಾಗ ಸಾಗರದಲ್ಲಿ ಎಲ್ಲರಿಗೂ ಮಸಾಲೆ ದೋಸೆ, ಯಮುನಮ್ಮನ ಖರ್ಚು. ಅಂಜನಪ್ಪ ದಾರಿಯಲ್ಲಿ ಒಂದು ಪ್ಲಾಸ್ಟಿಕ್ ಆಲಿಕೆ ಕೊಂಡು ಡಿಕ್ಕಿಯಲ್ಲಿಟ್ಟ. ಎಷ್ಟು ಸುತ್ತಿದರೂ ಮುಳ್ಳು ಇನ್ನೂ ಸ್ವಲ್ಪ ಮೇಲೇ ಇತ್ತು. ಕೊನೆಗೆ ಕೇರಿಯ ಅಷ್ಟೂ ಮಕ್ಕಳನ್ನು ತುಂಬಿಕೊಂಡು ಹೊಸನಗರವನ್ನು ಹತ್ತು ಸುತ್ತು ಹಾಕಿದ ಮೇಲೆ ಅದು ತನ್ನ ಹಳೆಯ ಜಾಗದಲ್ಲಿ ಮಲಗಿತು.

ಸೋಮವಾರ ಭೂತಪ್ಪ ಕೆಲಸಕ್ಕೆ ಸೇರಿದ. ಈಗ ದಿನಾ ನಾಲ್ಕು ಲೀಟರ್ ಹಾಕಿಸುತ್ತಾನೆ, ನಾಲ್ಕು ಲೀಟರ್ ಓಡಿಸುತ್ತಾನೆ. ಈ ಲೆಕ್ಕದಲ್ಲಿ ಹೊಸ ಪಂಪು ಎಷ್ಟು ದಿನ ಬಂದೀತು ಎಂದು ಕೇಳಿದ್ದಕ್ಕೆ ಹೇರಂಬ ಸಾಗರದ ಅಂಗಡಿಗೆ ಫೋನು ಮಾಡಿ ಇನ್ನೊಂದು ಪಂಪು ತೆಗೆದಿಡಲು ಹೇಳಿದ.

ಸಿಕ್ಕಿದ್ದು ಹದಿನಾರು ಸಾವಿರದ ಕೆಲಸ ಮತ್ತು ನೆರೆಮನೆಯ ಕಾಫಿ. ಹೋದದ್ದು ಐದು ಸಾವಿರದ ಇನ್ನೂರ ತೊಂಬತ್ತು ರೂಪಾಯಿ, ಜೊತೆಗೆ ಒಂದು ಟ್ಯಾಂಕು ಪೆಟ್ರೋಲು. ಟ್ಯಾಂಕು ಮೊದಲಿನಂತೆ ಒಣಗಿಯೇ ಇದೆ. ಕನ್ನಮ್ಮನ ಪೊರಕೆ ಮಾತ್ರ ಈಗ ದಪ್ಪಗಿದೆ.